ಛಾಯಾಚಿತ್ರವೆಂಬ ಲೀಲೆ

ನಮ್ಮ ಗೃಹಸ್ಥರ ಮನೆಗಳಲ್ಲಿ ಛಾಯಾಚಿತ್ರಕ್ಕೆ ನಿಯತವಾದ ಒಂದು ಸ್ಥಾನವುಂಟು. ವಿವಾಹ, ಉಪನಯನ, ಷಷ್ಟ್ಯಬ್ದಿ ಮೊದಲಾದ ಶುಭಸಂದರ್ಭಗಳಲ್ಲಿ ಎಲ್ಲರೂ ಸಾಲಾಗಿ ನಿಂತು, ಉಸಿರು ಬಿಗಿಹಿಡಿದು, ಚಿತ್ರ ತೆಗೆಯಿಸಿಕೊಳ್ಳುತ್ತೇವೆ. ಅದು ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಯನ್ನೇರುತ್ತದೆ. ಈ ವಿದ್ಯೆಯು ಕೆಲವರಿಗೆ ಜೀವನೋಪಾಯ. ಮಿಕ್ಕವರಿಗೆ ಜ್ಞಾಪಕಾರ್ಥವಾದ ಸಾಧನ. ಈ ಎರಡೂ ಅಲ್ಲದ ಮೂರನೆಯ ಪ್ರಯೋಜನವೊಂದುಂಟು, ಅದೇ ಲೀಲೆ. ಯಾರ ಮೆಚ್ಚಿಕೆಯನ್ನೂ ಬಯಸದೆ, ಕಂಡ ಸಂತೋಷಕ್ಕಾಗಿಯೇ ಚಿತ್ರ ತೆಗೆಯುವ ಆಟವು ಮನುಷ್ಯನನ್ನು ಬಾಲ್ಯದಿಂದ ವಾರ್ಧಕ್ಯದವರೆಗೆ ಕೈಬಿಡದು. ಫ್ರಾನ್ಸ್ ದೇಶದ ಝಾಕ್ ಆನ್ರಿ ಲಾರ್ತೀಗ್ ಎಂಬುವನ ಚರಿತ್ರೆಯೇ ಇದಕ್ಕೆ ನಿದರ್ಶನ.

ಈತನು 1894ರಲ್ಲಿ ಪ್ಯಾರಿಸ್ ನಗರದ ಸಮೀಪದಲ್ಲಿ, ಸ್ಥಿತಿವಂತರ ಮನೆಯಲ್ಲಿ ಜನಿಸಿದನು. ಕಣ್ಣುಗಳನ್ನು ಅಗಲವಾಗಿ ತೆರೆದು ಥಟ್ಟನೆ ಮುಚ್ಚಿದರೆ ಎದುರಿನ ದೃಶ್ಯವು ಒಳಗೆ ಸೆರೆಯಾಗುವುದೆಂದು ನಂಬಿ ಬಾಲ್ಯದಲ್ಲಿ ಆಡುತ್ತಿದ್ದನಂತೆ. ಸೆರೆಸಿಕ್ಕ ದೃಶ್ಯವು ನಿಲ್ಲದೆ ಹೋದಾಗ ಆ ಹುಡುಗನಿಗೆ ದುಃಖವಾಯಿತು. ತಂದೆಯು ತಾನೂ ಹವ್ಯಾಸಕ್ಕಾಗಿ ಚಿತ್ರ ತೆಗೆಯುತ್ತಿದ್ದವನು. 1902ರಲ್ಲಿ ಮಗನಿಗೂ ಒಂದು ಕ್ಯಾಮರಾ ಕೊಟ್ಟನು. ಅಂದಿನಿಂದ ಬಾಲಕನ ದೃಷ್ಟಿಯೆಲ್ಲವೂ ಮನೆಯವರ ಆಟಪಾಟಗಳ ಮೇಲೆಯೇ. 1905ರ ಒಂದು ಚಿತ್ರದಲ್ಲಿ ಬಂಧುಕನ್ಯೆಯೊಬ್ಬಳು ನೀಳವಾದ ಲಂಗವನ್ನುಟ್ಟು ಮೆಟ್ಟಿಲುಗಳ ಮೇಲಿಂದ ಹಾರಿ, ಇನ್ನೂ ನೆಲ ಮುಟ್ಟದೆ, ಗಾಳಿಯಲ್ಲಿಯೇ ಇದ್ದಾಳೆ!

ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಅವನು ಪಂದ್ಯದ ಕಾರೊಂದರ ಚಿತ್ರ ತೆಗೆದನು. ಆ ಕ್ಯಾಮರಾದಲ್ಲಿ ಕಿರಿದಾದ ಒಂದು ಸೀಳು ಗಾಜಿನ ಫಲಕದ ಮುಂದೆ ಸರಿದುಹೋಗುವಾಗ ಚಿತ್ರದ ಒಂದೊಂದು ಭಾಗವೂ ಒಂದೊಂದು ಕ್ಷಣದಲ್ಲಿ ಮೂಡುತ್ತಿದ್ದಿತು. ಅಷ್ಟರಲ್ಲಿ ಕಾರು ಮುಂದಕ್ಕೆ ಹೋದುದರಿಂದ ಅದರ ಚಕ್ರವು ಮೊಟ್ಟೆಯಾಕಾರ ತಾಳಿ ಮುಂದಕ್ಕೆ ವಾಲಿತು. ಅವನು ಕಾರಿನೊಡನೆ ಕ್ಯಾಮರಾವನ್ನೂ ತಿರುಗಿಸಿದುದರಿಂದ ನೋಡುವ ಜನರು ಹಿಂದಕ್ಕೆ ವಾಲಿದರು. ಚಿತ್ರ ಕೆಟ್ಟಿತೆಂದು ಅವನು ಬದಿಗಿರಿಸಿದನು. ವೇಗವೇ ರೂಪುಗೊಂಡಂತಿರುವ ಚಿತ್ರವೆಂದು ಇಂದು ಪ್ರಸಿದ್ಧವಾಗಿರುವುದು ಅದೇ.

ಲಾರ್ತೀಗನು ತನ್ನನ್ನು ವರ್ಣಚಿತ್ರಕಾರನೆಂದೇ ಭಾವಿಸಿದ್ದನು. ಛಾಯಾಚಿತ್ರಗಳನ್ನು ಆಲ್ಬಂಗಳಲ್ಲಿ ಅಂಟಿಸಿ, ದಿನಚರಿ ಬರೆಯುತ್ತ, ಬಹುಮಟ್ಟಿಗೆ ತನ್ನ ಮತ್ತು ತನ್ನವರ ಸಂತೋಷಕ್ಕಾಗಿ ಇಟ್ಟುಕೊಂಡಿದ್ದನು. 1963ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯವು ಅವುಗಳನ್ನು ಪ್ರದರ್ಶಿಸಿದಾಗ ಅವನಿಗೆ 69 ವರ್ಷ. ಅನಂತರವೂ ಆಟ ನಿಲ್ಲಲಿಲ್ಲ. 1979ರಲ್ಲಿ ತನ್ನ ಸಂಗ್ರಹವನ್ನು ಫ್ರೆಂಚ್ ಸರ್ಕಾರಕ್ಕೆ ದಾನಮಾಡಿ, 1986ರಲ್ಲಿ ತನ್ನ 92ನೆಯ ವಯಸ್ಸಿನಲ್ಲಿ ಕಾಲವಾದನು.

ಕೆಟ್ಟಿತೆಂದು ಬದಿಗಿರಿಸಿದ ಚಿತ್ರದ ಬೆಲೆ ನನಗೂ ತಡವಾಗಿಯೇ ತಿಳಿಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ಸೋದರಮಾವನವರು ಅಗ್ಫಾ ಕ್ಲಿಕ್ 3 ಕ್ಯಾಮರಾ ಕೊಟ್ಟರು. ಒಂದು ಸುರುಳಿಗೆ 12 ಚಿತ್ರ. ಲೋಭಿಯು ನಾಣ್ಯವೆಣಿಸುವಂತೆ ಅವನ್ನು ಎಣಿಸುತ್ತಿದ್ದೆನು. ಒಂದು ದಿನ ತಾಯಿಯವರನ್ನು ಹಿತ್ತಲಿನಲ್ಲಿ ನಿಲ್ಲಿಸಿ, “ಅಮ್ಮ, ಅಲ್ಲಾಡಬೇಡ, ನಗಬೇಡ” ಎಂದು ಅಪ್ಪಣೆಮಾಡಿದೆ. ಗುಂಡಿ ಒತ್ತುವ ಸಮಯಕ್ಕೆ ಸರಿಯಾಗಿ ಕರುವು ಅವರ ಸೆರಗನ್ನೆಳೆಯಿತು. ಅವರು ನಗುತ್ತ ಅತ್ತ ತಿರುಗಿದರು. ಚಿತ್ರದಲ್ಲಿ ಕೈ ಕಲಸಿಹೋಗಿದ್ದಿತು. “ಒಂದು ಚಿತ್ರ ದಂಡವಾಯಿತು” ಎಂದು ನಾನು ಮುನಿದು ಅದನ್ನು ಪೆಟ್ಟಿಗೆಯ ತಳಕ್ಕೆ ಸೇರಿಸಿದೆನು. ಈಗ ತಾಯಿಯವರಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ನೆಟ್ಟನೆಯ ಚಿತ್ರದಲ್ಲಿ ಅವರ ಮುಖವಿದೆ; ಪೆಟ್ಟಿಗೆಯ ಆ ಮಸುಕು ಚಿತ್ರದಲ್ಲಿ ಅವರಿದ್ದಾರೆ. ಅಂದು ಮುನಿದುದಕ್ಕೆ ಇಂದು ಕ್ಷಮೆ ಬೇಡುವುದೆಲ್ಲಿ?

ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ಅಗಲಿದ ಪ್ರಿಯೆಯ ಚಿತ್ರವನ್ನು ಬರೆದೂ ತೃಪ್ತನಾಗುವುದಿಲ್ಲ. ಕಿವಿಯ ಶಿರೀಷಪುಷ್ಪವನ್ನು ಇನ್ನೂ ಬರೆದಿಲ್ಲವೆಂದು ನೆನೆಯುತ್ತಾನೆ. ಪ್ರಿಯರು ದೂರವಾದ ಮೇಲೆ ನಾವು ಅರಸುವುದು ಇಂಥ ಅಲ್ಪವಸ್ತುಗಳನ್ನೇ. ಅವನ್ನು ಕಾಣುವ ಕಣ್ಣು ಅಪ್ಪಣೆಯಿಂದ ಬರುವುದಿಲ್ಲ, ಆಟದಿಂದ ಬರುತ್ತದೆ.

ಈಗಲಾದರೋ ಫಿಲ್ಮಿನ ವೆಚ್ಚವಿಲ್ಲ. ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿದೆ. ವಾಚಕರು ದಿನಕ್ಕೊಂದು ಚಿತ್ರವನ್ನು ತಮಗಾಗಿಯೇ ತೆಗೆಯಲಿ: ಅಡಿಗೆಮನೆಯ ಕಿಟಕಿಯಿಂದ ಬೀಳುವ ಬೆಳಕು, ಹೂ ಕಟ್ಟುವ ಬೆರಳು, ಅಂಗಳದ ಒಂದೇ ಗಿಡದ ಆರು ಋತುಗಳು. ವರ್ಷಕ್ಕೆ ಹತ್ತನ್ನಾದರೂ ಕಾಗದದ ಮೇಲೆ ಅಚ್ಚುಹಾಕಿಸಿ, ಹಿಂಭಾಗದಲ್ಲಿ ದಿನವನ್ನೂ ಹೆಸರುಗಳನ್ನೂ ಬರೆದಿಡಲಿ. ವಯಸ್ಸು ಮೀರಿತೆಂಬ ಸಂಕೋಚ ಯಾರಿಗೂ ಬೇಡ.

ಮೊನ್ನೆ ನನ್ನ ಪುಟ್ಟ ಮೊಮ್ಮಗಳು ಫೋನನ್ನು ಎರಡು ಕೈಗಳಲ್ಲಿಯೂ ಹಿಡಿದು, “ತಾತ, ಅಲ್ಲಾಡಬೇಡ” ಎಂದು ಗದರಿದಳು. ನಾನು ಬೇಕೆಂದೇ ಅಲ್ಲಾಡಿದೆನು.