ಮೇಷ್ಟ್ರುಗಳೇ ಕೂತು ಕಟ್ಟಿದ ನಲಿ-ಕಲಿ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಡೆಯುತ್ತಿರುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ನೆರವು ನೀಡಿತು, ಶಿಕ್ಷಣ ಇಲಾಖೆ ಜೊತೆಗೆ ನಿಂತಿತು. ಆದರೆ ಅದರ ಹಾಡು, ಆಟ, ಕಾರ್ಡುಗಳನ್ನು ಕೂಡಿ ಕೂತು ರೂಪಿಸಿದವರು ಅದೇ ತಾಲ್ಲೂಕಿನ ಶಿಕ್ಷಕರು. ಪಠ್ಯವನ್ನು ಮೇಲಿನವರು ಬರೆಯುವುದು, ಶಿಕ್ಷಕರು ಅದನ್ನು ಒಪ್ಪಿಸುವುದು ಎಂಬ ರೂಢಿ ಇಲ್ಲಿ ಮುರಿಯಿತು. ನಲಿ-ಕಲಿಯ ಹೆಚ್ಚುಗಾರಿಕೆ ಮೊದಲಿಗೆ ಇರುವುದು ಅಲ್ಲಿಯೇ.

ಕಾಡಂಚಿನ ಈ ತಾಲ್ಲೂಕಿನಲ್ಲಿ ಒಬ್ಬರೇ ಮೇಷ್ಟ್ರು ಒಂದೇ ಕೋಣೆಯಲ್ಲಿ ಹಲವು ತರಗತಿಗಳನ್ನು ನಡೆಸುವುದು ಸಾಮಾನ್ಯವಾಗಿತ್ತು. ಕೂಲಿಯ ಕಾಲ ಬಂದರೆ ಮಕ್ಕಳು ಶಾಲೆ ತಪ್ಪಿಸುತ್ತಿದ್ದರು. ತಿರುಗಿ ಬರುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತಿತ್ತು. ಇಂಥದೇ ಕಷ್ಟಕ್ಕೆ ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು ಕಂಡುಕೊಂಡಿದ್ದ ದಾರಿಯನ್ನು ಶಿಕ್ಷಕರ ಒಂದು ತಂಡ ಹೋಗಿ ನೋಡಿತು. ಅಲ್ಲಿ ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳಿದ್ದವು, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುತ್ತಿತ್ತು. ತಂಡ ಆ ಕ್ರಮವನ್ನು ಹಾಗೆಯೇ ನಕಲು ಮಾಡಲಿಲ್ಲ. ಊರಿಗೆ ಮರಳಿ ತಮ್ಮ ಮಕ್ಕಳ ಮಾತಿಗೆ, ಪರಿಸರಕ್ಕೆ ಒಗ್ಗುವಂತೆ ಮರುರೂಪಿಸಿತು.

ಈ ಕೂಡುಕೆಲಸದ ಸೃಜನಶೀಲತೆ ಚೆನ್ನಾಗಿ ಕಾಣುವುದು ಅಕ್ಷರಗಳ ಕ್ರಮದಲ್ಲಿ. ನಲಿ-ಕಲಿಯ ಮಗು ವರ್ಣಮಾಲೆಯ ಅ, ಆ, ಇ, ಈ ಎಂಬ ಸಾಲಿನಿಂದ ಶುರು ಮಾಡುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಆಕಾರದಲ್ಲಿ ಒಂದನ್ನೊಂದು ಹೋಲುವ, ಬರೆಯಲು ಸುಲಭವಾದ ಅಕ್ಷರಗಳು ಒಟ್ಟಿಗೆ ಬರುವುದರಿಂದ ಕೈ ಬೇಗ ಪಳಗುತ್ತದೆ. ಐದು ಅಕ್ಷರ ಕಲಿತ ಕೂಡಲೇ ಅರಸ, ಸರ, ಅಗಸ ಎಂದು ಮಗು ಪದಗಳನ್ನೇ ಓದುತ್ತದೆ. ಶತಮಾನಗಳ ಅಭ್ಯಾಸವನ್ನು ಮಗುವಿನ ಕೈಗೂ ಕಣ್ಣಿಗೂ ತಕ್ಕಂತೆ ಬದಲಿಸುವ ಧೈರ್ಯ ತರಗತಿಯನ್ನು ದಿನವೂ ಕಂಡವರಿಗೆ ಮಾತ್ರ ಬರುವಂಥದ್ದು.

ಕಲಿಯಬೇಕಾದ್ದನ್ನೆಲ್ಲ ಮೈಲಿಗಲ್ಲುಗಳಾಗಿ ಒಡೆದು ಕಲಿಕಾ ಏಣಿಯಲ್ಲಿ ಜೋಡಿಸಲಾಗಿದೆ. ಪ್ರತಿ ಮೆಟ್ಟಿಲಿಗೂ ಒಂದು ಚಿತ್ರದ ಗುರುತು ಉಂಟು; ಓದಲು ಬಾರದ ಮಗುವೂ ಅದನ್ನು ನೋಡಿ ತನ್ನ ಕಾರ್ಡು ಹುಡುಕಿಕೊಳ್ಳುತ್ತದೆ. ತಿಂಗಳು ಬಿಟ್ಟು ಬಂದರೂ ನಿಂತ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಮೂರು ತರಗತಿಯ ಮಕ್ಕಳು ಬೆರೆತು ಗುಂಪುಗಳಲ್ಲಿ ಕೂರುತ್ತಾರೆ: ಕೆಲವಕ್ಕೆ ಶಿಕ್ಷಕರ ಪೂರ್ಣ ಬೆಂಬಲ, ಕೆಲವಕ್ಕೆ ಗೆಳೆಯರ ನೆರವು, ಮತ್ತೆ ಕೆಲವಕ್ಕೆ ಸ್ವಂತ ಕಲಿಕೆ.

ಕನ್ನಡ, ಗಣಿತ, ಪರಿಸರ ಅಧ್ಯಯನಗಳಿಗೆ ಬೇರೆ ಬೇರೆ ಕಾರ್ಡುಗಳಿದ್ದರೂ ವಿಷಯಗಳ ನಡುವಿನ ಗೋಡೆ ತೆಳುವಾಗಿದೆ. ಹವಾಮಾನ ನಕ್ಷೆಯನ್ನೇ ನೋಡಬಹುದು. ಬಿಸಿಲೋ ಮೋಡವೋ ಮಳೆಯೋ ಎಂದು ಮಗು ದಿನವೂ ಗುರುತು ಹಾಕಿದರೆ ಅದು ಪರಿಸರ ಪಾಠ. ಮಳೆ ಬಂದ ದಿನಗಳನ್ನು ಎಣಿಸಿದರೆ ಗಣಿತ. ಅದರ ಬಗ್ಗೆ ನಾಲ್ಕು ಮಾತಾಡಿದರೆ ಭಾಷೆ. ಮಕ್ಕಳ ಚಿತ್ರ, ಬರಹಗಳು ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗುತ್ತವೆ.

2009-10ರಲ್ಲಿ ಪದ್ಧತಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಇದರಿಂದ ದೊಡ್ಡ ಲಾಭವಾಯಿತು, ಒಂದು ನಷ್ಟವೂ ಆಯಿತು. ಕಾರ್ಡುಗಳು ಅಚ್ಚಾಗಿ ಬರತೊಡಗಿದ ಮೇಲೆ ಬಹುಪಾಲು ಶಿಕ್ಷಕರಿಗೆ ಅವು ತಾವು ಕಟ್ಟಿದ್ದಲ್ಲ, ತಮಗೆ ಬಂದದ್ದು. ಬೀದರಿನ ಮಗುವಿನ ಮಾತು ಬೇರೆ, ಹೆಗ್ಗಡದೇವನಕೋಟೆಯ ಮಗುವಿನ ಮಾತು ಬೇರೆ. ಆ ಅಂತರವನ್ನು ತುಂಬಬಲ್ಲವರು ಸ್ಥಳೀಯ ಶಿಕ್ಷಕರೇ. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಇರಬೇಕಾದದ್ದು ಇದಕ್ಕಾಗಿ. ಅವು ಸುತ್ತೋಲೆ ಓದಿ, ಅಂಕಿಅಂಶ ಬರೆದುಕೊಳ್ಳುವ ಸಭೆಗಳಾದರೆ ಹೊಸ ಹಾಡು, ಹೊಸ ಕಾರ್ಡು ಹುಟ್ಟುವುದಿಲ್ಲ.

ಶಿಕ್ಷಕರು ಕೂಡಿ ಕೂತು ಪಾಠ ಕಟ್ಟುವ ಈ ಕೆಲಸ ಮೇಲಿನ ತರಗತಿಗಳಲ್ಲಿ ಇನ್ನೂ ಕಷ್ಟ. ನಾಲ್ಕನೇ ತರಗತಿಯಿಂದ ನಲಿ-ಕಲಿ ಇಲ್ಲ. ಪ್ರೌಢಶಾಲೆಯಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ), ಕಲಾ, ಭಾಷಾ ಶಿಕ್ಷಕರೆಂದು ನೇಮಕಾತಿಯೇ ಬೇರೆ ಬೇರೆ. ಊರಿನ ಕೆರೆಯನ್ನು ಗಣಿತ, ಜೀವಶಾಸ್ತ್ರ, ಇತಿಹಾಸದ ಮೇಷ್ಟ್ರುಗಳು ಸೇರಿ ಒಂದೇ ಪಾಠವಾಗಿ ಕಲಿಸಬಹುದು. ಅದಕ್ಕೆ ಅವರು ಮೊದಲು ಜೊತೆಗೆ ಕೂರಬೇಕು. ಹಾಗೆ ಕೂರಲೆಂದೇ ಒಂದು ಪೀರಿಯಡ್ಡನ್ನು ವೇಳಾಪಟ್ಟಿಯಲ್ಲಿ ಎತ್ತಿಡಬೇಕು.