ಶಾಪ ಯಾರಿಗೆ ತಟ್ಟುತ್ತದೆ?

ಸಿಟ್ಟಿಗೆದ್ದರೆ ‘ಹಾಳಾಗಿ ಹೋಗು’ ಎನ್ನುವುದು ನಮ್ಮ ಕಡೆ ಮಾಮೂಲು. ಇಸ್ಲಾಮಿನಲ್ಲಿ ಇದಕ್ಕೆ ಯಾಕೆ ಅಷ್ಟು ಕಟ್ಟುನಿಟ್ಟು?
– ಓದುಗರು, ಹೊಸನಗರ

ಅಬೂ ದಾವೂದ್ ಸಂಗ್ರಹದ ಹದೀಸ್ (ಪ್ರವಾದಿ ಮುಹಮ್ಮದರ ನುಡಿ) ಪ್ರಕಾರ, ಬಾಯಿಂದ ಹೊರಟ ಶಾಪ ಆಕಾಶಕ್ಕೇರುತ್ತದೆ, ಬಾಗಿಲು ಮುಚ್ಚಿರುತ್ತದೆ. ಭೂಮಿಗಿಳಿದರೆ ಅಲ್ಲೂ ಮುಚ್ಚಿರುತ್ತದೆ. ಎಡಬಲ ಅಲೆದು, ಬೈಸಿಕೊಂಡವನ ಬಳಿ ಹೋಗುತ್ತದೆ. ಅವನು ಅದಕ್ಕೆ ತಕ್ಕವನಲ್ಲದಿದ್ದರೆ, ವಿಳಾಸದಾರ ಸಿಗದ ಅಂಚೆಯಂತೆ ಕಳಿಸಿದವನಿಗೇ ವಾಪಸು.

ಬೈಗುಳವೂ ಹಾಗೇ. ನೀವು ಒಬ್ಬನ ಅಪ್ಪನನ್ನು ಬೈದರೆ ಅವನು ನಿಮ್ಮಪ್ಪನನ್ನು ಬೈಯುತ್ತಾನೆ; ಹೆತ್ತವರನ್ನು ಬೈಸಿದ ಪಾಪ ನಿಮ್ಮದು. ಇದೇ ಕಾರಣಕ್ಕೆ, ಅನ್ಯರು ಪೂಜಿಸುವ ದೇವರನ್ನು ನಿಂದಿಸಬಾರದೆಂದು ಕುರ್‌ಆನಿನ 6ನೇ ಅಧ್ಯಾಯ ಹೇಳುತ್ತದೆ. ಸಾಗರ, ತೀರ್ಥಹಳ್ಳಿಯಂತೆ ಹಲವು ಮತದವರು ಕೂಡಿ ಬಾಳುವ ಊರುಗಳಿಗೆ ಇದು ಬಹಳ ದೊಡ್ಡ ಮಾತು.

ಪ್ರಾಣಿಯನ್ನೂ ಶಪಿಸಕೂಡದು. ಪ್ರಯಾಣದಲ್ಲಿ ಹೆಂಗಸೊಬ್ಬಳು ತನ್ನ ಒಂಟೆಗೆ ಶಾಪ ಹಾಕಿದಾಗ, ಹೊರೆ ಇಳಿಸಿ ಅದನ್ನು ಬಿಟ್ಟುಬಿಡಿ ಎಂದು ಪ್ರವಾದಿಯವರು ಹೇಳಿದರು.