ತಂತಿ ಎಷ್ಟು ಉದ್ದ, ಮೆಟ್ಟಿಲು ಎಷ್ಟು?



ನವರಾತ್ರಿಯಲ್ಲಿ ಶೃಂಗೇರಿಗೆ ಹೋದವರು ಶಾರದಾಂಬೆಯ ವೀಣಾಶಾರದಾ ಅಲಂಕಾರವನ್ನು ಕಂಡಿರಬಹುದು. ಕೊಪ್ಪ, ನರಸಿಂಹರಾಜಪುರದ ಕಡೆ ಮನೆಯ ಹಿತ್ತಲಲ್ಲಿ ಹಲಸಿನ ಮರ ಅಪರೂಪವಲ್ಲ. ವೀಣೆಗೆ ಒದಗುವ ಮರಗಳಲ್ಲಿ ಅದೂ ಒಂದು. ಆದರೂ ವೀಣೆ ಕಲಿಯಲು ಕುಳಿತ ಎಷ್ಟೋ ಮಕ್ಕಳು, "ನನ್ನ ಬೆರಳು ಗಿಡ್ಡ, ನನಗೆ ಇದು ಬರುವುದಿಲ್ಲ" ಎಂದು ಬೇಗನೆ ಕೈಬಿಡುತ್ತಾರೆ. ತಪ್ಪು ಬೆರಳಿನದೇ? ಅಳತೆಪಟ್ಟಿ ಹಿಡಿದು ನೋಡೋಣ.

ತಂತಿ ಒಂದು ತುದಿಯಲ್ಲಿ ಮೇರುವಿನ ಮೇಲೆ, ಇನ್ನೊಂದು ತುದಿಯಲ್ಲಿ ಕುದುರೆಯ ಮೇಲೆ ಕುಳಿತಿರುತ್ತದೆ. ಇವೆರಡರ ನಡುವಿನ ಉದ್ದವೇ ನಾದ ಕೊಡುವ ಉದ್ದ. ಅದನ್ನು ಅರ್ಧ ಮಾಡಿದರೆ ಕಂಪನ ಎರಡು ಪಟ್ಟಾಗಿ ಮೇಲಿನ ಷಡ್ಜ ಬರುತ್ತದೆ. ಒಂದು ಸ್ಥಾಯಿಗೆ 12 ಸ್ವರಸ್ಥಾನಗಳು. ವೀಣೆಯಲ್ಲಿರುವುದು 24 ಮೆಟ್ಟಿಲು. ಆದ್ದರಿಂದ ಒಂದೇ ತಂತಿಯಲ್ಲಿ ಎರಡು ಸ್ಥಾಯಿ ಸಿಗುತ್ತದೆ.

ಲೆಕ್ಕಕ್ಕೆ ಈ ಉದ್ದ 80 ಸೆಂ.ಮೀ. ಎಂದಿಟ್ಟುಕೊಳ್ಳಿ. ಮೇರುವಿನಿಂದ ಮೊದಲ ಮೆಟ್ಟಿಲು ಸುಮಾರು 4.5 ಸೆಂ.ಮೀ. ದೂರ. 11ರಿಂದ 12ನೆಯದಕ್ಕೆ 2.4 ಸೆಂ.ಮೀ. 23ರಿಂದ 24ನೆಯದಕ್ಕೆ ಕೇವಲ 1.2 ಸೆಂ.ಮೀ. ಮೆಟ್ಟಿಲುಗಳು ಹೆಚ್ಚಾದಂತೆ ಕೊನೆಯಲ್ಲಿ ಬೆರಳಿಡುವ ಜಾಗ ಕಿರಿದಾಗುತ್ತದೆ.

ಪಾಶ್ಚಾತ್ಯರ ಬ್ಯಾಂಜೊ ವಾದ್ಯವನ್ನು ಇದರೊಡನೆ ಹೋಲಿಸಬಹುದು. (ನಮ್ಮಲ್ಲಿ ಬ್ಯಾಂಜೊ ಎಂದು ಕರೆಯುವ, ಗುಂಡಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ಬೇರೆ.) ಐದು ತಂತಿಯ ಆ ವಾದ್ಯದ ತಂತಿ ಸಾಮಾನ್ಯವಾಗಿ 66ರಿಂದ 68 ಸೆಂ.ಮೀ., ಮೆಟ್ಟಿಲು ಹೆಚ್ಚಾಗಿ 22. ಹಳೆಯ ಶಾಸ್ತ್ರೀಯ ಪದ್ಧತಿಯಲ್ಲಿ ಅದನ್ನೂ ಬರಿಬೆರಳಿನಿಂದಲೇ ಮೀಟುತ್ತಾರೆ. ಅಲ್ಲಿ ಎಡಗೈಯ ನಾಲ್ಕು ಬೆರಳುಗಳು ಒಟ್ಟಿಗೆ ಬೇರೆ ಬೇರೆ ಮೆಟ್ಟಿಲುಗಳ ಮೇಲೆ ಚಾಚಿಕೊಳ್ಳಬೇಕಾಗುತ್ತದೆ. ಹಾಗಾಗಿ ತಂತಿ ಉದ್ದವಾದಷ್ಟೂ ಗಿಡ್ಡ ಬೆರಳಿಗೆ ಕಷ್ಟ. ಮೆಟ್ಟಿಲು ಕಡಿಮೆಯಾದರೆ ಎತ್ತರದ ಸ್ವರಗಳ ಕೃತಿಯನ್ನು ನುಡಿಸಲಾಗದು.

ವೀಣೆಯಲ್ಲಿ ಹಾಗಲ್ಲ. ತೋರುಬೆರಳು, ನಡುಬೆರಳು ಜೊತೆಯಾಗಿ ತಂತಿಯ ಮೇಲೆ ಜಾರುತ್ತವೆ. ಬೆರಳು ಚಾಚುವುದಿಲ್ಲ, ಕೈಯೇ ಸಾಗುತ್ತದೆ. ಸ್ವರಕ್ಕೆ ಸ್ವರಕ್ಕೆ ಮೆಟ್ಟಿಲನ್ನೂ ಬದಲಿಸಬೇಕಿಲ್ಲ. ಒಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಬಿಗಿ ಹೆಚ್ಚಿ ಮುಂದಿನ ಎರಡು ಮೂರು ಸ್ವರಗಳು ಹೊರಡುತ್ತವೆ. ಗಮಕ ಹುಟ್ಟುವುದು ಹೀಗೆ. ಆದ್ದರಿಂದ ಗಿಡ್ಡ ಬೆರಳು ಅಡ್ಡಿಯಲ್ಲ. ಚಿಕ್ಕ ಮಕ್ಕಳಿಗೆ ನಿಜವಾಗಿ ಕಷ್ಟವಾಗುವುದು ಎರಡು: ಮೇರುವಿನ ಹತ್ತಿರದ ಮೆಟ್ಟಿಲುಗಳಿಗೆ ತೋಳು ನಿಲುಕುವುದು, ಬಿಗಿಯಾದ ತಂತಿಯನ್ನು ಎಳೆಯುವುದು.

ಹಾಗಾದರೆ ಚಿಕ್ಕ ವೀಣೆ ತಂದರಾಯಿತೇ? ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು ಉದ್ದವನ್ನು 80ರಿಂದ 72 ಸೆಂ.ಮೀ.ಗೆ ಇಳಿಸಿದರೆ ಬಿಗಿ ನೂರಕ್ಕೆ 19ರಷ್ಟು ತಗ್ಗುತ್ತದೆ. ತೋಳಿಗೂ ಬೆರಳಿಗೂ ಹಿತ. ಆದರೆ ಸಡಿಲವಾದ ತಂತಿ ಸ್ವಲ್ಪ ಎಳೆದರೂ ಸ್ವರ ದಾಟಿಬಿಡುತ್ತದೆ, ಜೋರಾಗಿ ಮೀಟಿದರೆ ಮೆಟ್ಟಿಲಿಗೆ ತಾಗಿ ಕರಕರ ಎನ್ನುತ್ತದೆ. ಶ್ರುತಿಯನ್ನು ಒಂದೆರಡು ಮನೆ ಏರಿಸಿದರೆ ಬಿಗಿ ಮರಳಿ ಬರುತ್ತದೆ. ಒಂದನ್ನು ಪಡೆದರೆ ಇನ್ನೊಂದನ್ನು ಬಿಡಬೇಕು.

ಮನೆಯಲ್ಲಿ ಅಜ್ಜಿಯ ಕಾಲದ ವೀಣೆ ಇದ್ದರೆ ಇಂದೇ ಅಳೆಯಿರಿ. 12ನೇ ಮೆಟ್ಟಿಲು ಸುಮಾರಾಗಿ ತಂತಿಯ ನಡುಮಧ್ಯದಲ್ಲಿರಬೇಕು. ತೀರ ಸರಿದಿದ್ದರೆ, ಅಥವಾ ಅಲ್ಲಿ ಷಡ್ಜ ಸರಿಯಾಗಿ ನುಡಿಯದಿದ್ದರೆ, ಅಪಶ್ರುತಿಗೆ ಕಾರಣ ನಿಮ್ಮ ಕೈಯಲ್ಲ. ವೀಣೆಯ ಮೆಟ್ಟಿಲುಗಳನ್ನು ಕೂರಿಸಿರುವುದು ಮೇಣದಲ್ಲಿ. ಬಲ್ಲವರು ಅದನ್ನು ಕಾಯಿಸಿ ಹೊಸದಾಗಿ ಮೇಳ ಕಟ್ಟಿಕೊಡುತ್ತಾರೆ. ವಾದ್ಯವನ್ನು ಮೊದಲು ಪರೀಕ್ಷಿಸಿ. ನಿಮ್ಮ ಬೆರಳನ್ನು ಆಮೇಲೆ ದೂರಿರಿ.